ಡ್ರೈವರ್ ಪ್ಯಾಂಟಿನ ಸೊಂಟದಳತೆ

"ಬಿಪಿ, ಶುಗರ್, ಹೊಟ್ಟೆ ಮೂರೂ ಒಟ್ಟಿಗೆ ಬಂದವರಿಗೆ ಬರೀ ನಡೆದರೆ ಏನಾದ್ರೂ ಆಗುತ್ತಾ?" ಅಂತ ಪುಣೆಯಿಂದ ಒಬ್ಬರು ಕೇಳಿದ್ದಾರೆ. ಅವರವರ ದೇಹಕ್ಕೆ ಉತ್ತರ ಅವರವರ ಡಾಕ್ಟರೇ ಹೇಳಬೇಕು. ಈ ಪ್ರಶ್ನೆಗೆ ಉತ್ತರ ಹುಡುಕಿದವರ ಕಥೆ ಮಾತ್ರ ನಾನು ಹೇಳ್ತೀನಿ.

ಸುಶ್ರುತನನ್ನ ಯಾಕೆ ಬಿಟ್ರಿ ಅಂತ ನೀವು ಕೇಳೋದು ಗ್ಯಾರಂಟಿ. ಬಿಟ್ಟಿಲ್ಲ. ಪ್ರಮೇಹ ಇರೋ ಬಡವ ಚಪ್ಪಲಿ, ಛತ್ರಿ ಇಲ್ಲದೆ, ಭಿಕ್ಷೆ ಬೇಡ್ಕೊಂಡು ನೂರು ಯೋಜನ ನಡೀಬೇಕು ಅಂತ ಅವನ ಸಂಹಿತೆಯಲ್ಲಿದೆ. ಕುಸ್ತಿ, ಆನೆ, ಕುದುರೆ ಸವಾರಿಯ ಮಾತೂ ಅಲ್ಲಿದೆ! ಆದರೆ ಲೆಕ್ಕ ಇಟ್ಟು ನೋಡಿದ ಕಥೆ ಶುರುವಾಗೋದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿ.

ಮುಂಬಯಿಯವರಿಗೆ ಈ ಬಸ್ಸು ಗೊತ್ತೇ ಇದೆ. ಬೆಸ್ಟ್ ಬಸ್ಸಿನಲ್ಲಿ ಮಹಡಿಗೊಬ್ಬ ಕಂಡಕ್ಟರ್ ಇರ್ತಿದ್ದ. ಲಂಡನ್ನಿನಲ್ಲಿ ಒಬ್ಬನೇ ಹತ್ತಿಳಿದು ಟಿಕೆಟ್ ಕೊಡಬೇಕಿತ್ತು, ದಿನಕ್ಕೆ 500ರಿಂದ 750 ಮೆಟ್ಟಿಲು. ಡ್ರೈವರ್ ಮಾತ್ರ ಪಾಳಿಯ ಬಹುಪಾಲು ಹೊತ್ತು ಕೂತೇ ಇರ್ತಿದ್ದ. ಇಬ್ಬರದೂ ಹೆಚ್ಚುಕಮ್ಮಿ ಒಂದೇ ಥರದ ಬದುಕು, ಒಂದೇ ಬಸ್ಸು. ಜೆರಿ ಮಾರಿಸ್ ಅನ್ನೋ ವೈದ್ಯ ತನ್ನ ಸಂಗಡಿಗರ ಜೊತೆ ಬಸ್ಸು, ಟ್ರಾಮು, ಟ್ಯೂಬ್ ರೈಲಿನ ಸುಮಾರು 31,000 ನೌಕರರ ಕಾಯಿಲೆ ದಾಖಲೆ ನೋಡಿದ. 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಡ್ರೈವರುಗಳಿಗಿಂತ ಕಮ್ಮಿ, ಬಂದರೂ ಬೇಗ ಸಾಯುವವರು ಕಮ್ಮಿ.

ಇಲ್ಲಿಗೆ ಕಥೆ ಮುಗಿಸಿಬಿಡೋ ವಾಟ್ಸಾಪ್ ಫಾರ್ವರ್ಡುಗಳು ಬೇಕಾದಷ್ಟಿವೆ. ನನಗೆ ಮಾರಿಸ್ ಮೇಲೆ ಗೌರವ ಬರೋದು ಅವನ ಮುಂದಿನ ಹೆಜ್ಜೆಯಿಂದ. ಮೊದಲೇ ದಪ್ಪಗಿದ್ದವರು ಡ್ರೈವರ್ ಕೆಲಸ ಹಿಡಿದಿದ್ದರೆ? ಅವನು ಕಂಪನಿ ಕೊಡೋ ಯೂನಿಫಾರಂ ಅಳತೆಗಳನ್ನ ತರಿಸಿ ನೋಡಿದ. ಎಳೆ ವಯಸ್ಸಿನ ಡ್ರೈವರುಗಳಲ್ಲೂ ಪ್ಯಾಂಟಿನ ಸೊಂಟದಳತೆ ಕಂಡಕ್ಟರುಗಳಿಗಿಂತ ದೊಡ್ಡದಿತ್ತು. ತನ್ನದೇ ವಾದಕ್ಕೆ ತೂತು ಕೊರೆಯೋ ಆ ಅಂಕಿಗಳನ್ನ 1956ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ತಾನೇ ಅಚ್ಚು ಹಾಕಿಸಿದ.

ಅಲ್ಲಿಗೆ ಗಂಟು ಬಿತ್ತು. ಮೆಟ್ಟಿಲು ಹತ್ತಿದ್ದರಿಂದ ಆರೋಗ್ಯವೋ, ಆರೋಗ್ಯ ಇದ್ದವನೇ ಮೆಟ್ಟಿಲು ಹತ್ತುತ್ತಿದ್ದನೋ?

1967ರಲ್ಲಿ ಜಾನ್ ಹೊಲೊಸ್ಜಿ ಇಲಿಗಳನ್ನ ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಓಡಿಸಿ, ಅವುಗಳ ಸ್ನಾಯುವಿನ ಮೈಟೊಕಾಂಡ್ರಿಯಾ ಹೆಚ್ಚಾಗೋದನ್ನ ತೋರಿಸಿದರು. ದುಡಿಯೋ ಸ್ನಾಯು ಇನ್ಸುಲಿನ್ ಅಪ್ಪಣೆಗೆ ಕಾಯದೆ ರಕ್ತದಿಂದ ಸಕ್ಕರೆ ಎಳ್ಕೊಳ್ಳುತ್ತೆ ಅನ್ನೋದೂ ಕ್ರಮೇಣ ಗೊತ್ತಾಯ್ತು. 1988ರಲ್ಲಿ ಜೆರಾಲ್ಡ್ ರೀವನ್ ಏರಿದ ಬಿಪಿ, ಸಕ್ಕರೆ, ಟ್ರೈಗ್ಲಿಸರೈಡ್, ಇಳಿದ ಎಚ್‌ಡಿಎಲ್ ಎಲ್ಲವನ್ನೂ ಇನ್ಸುಲಿನ್ ಪ್ರತಿರೋಧ ಅನ್ನೋ ಒಂದೇ ದಾರದಲ್ಲಿ ಪೋಣಿಸಿ "ಸಿಂಡ್ರೋಮ್ ಎಕ್ಸ್" ಅಂದ. ಸಣ್ಣಗಿದ್ದವರಲ್ಲೂ ಇದು ಕಂಡಿದ್ದರಿಂದ ಬೊಜ್ಜನ್ನ ಪಟ್ಟಿಗೆ ಸೇರಿಸಲಿಲ್ಲ. ಮುಂದೆ ಮೆಟಬಾಲಿಕ್ ಸಿಂಡ್ರೋಮ್ ಅನ್ನೋ ಹೆಸರು ಗಟ್ಟಿಯಾದಾಗ ಸೊಂಟ ವಾಪಸ್ ಬಂತು. ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80.

ಮಾರಿಸ್‌ನ ಗಂಟು ಬಿಡಿಸಲು ಒಂದೇ ದಾರಿ: ಯಾರು ನಡೀಬೇಕು ಅನ್ನೋದನ್ನ ಅವರವರ ಇಷ್ಟಕ್ಕೆ ಬಿಡಬಾರದು. ಚೀನಾದ ಡಾಚಿಂಗ್ ಊರಲ್ಲಿ 1986ರಿಂದ ಹಾಗೇ ಮಾಡಿದರು. ಮಧುಮೇಹದ ಹೊಸ್ತಿಲಲ್ಲಿದ್ದ 577 ಜನರನ್ನ ಕ್ಲಿನಿಕ್‌ವಾರು ಹಂಚಿದರು. ಆರು ವರ್ಷದಲ್ಲಿ, ಸುಮ್ಮನೆ ಬಿಟ್ಟ ಗುಂಪಿನಲ್ಲಿ 67.7% ಜನಕ್ಕೆ ಮಧುಮೇಹ ಬಂತು. ವ್ಯಾಯಾಮದ ಗುಂಪಿನಲ್ಲಿ 41.1%.

ಚೆನ್ನೈಯವರೇ, ಮುಂದಿನದು ನಿಮ್ಮೂರಿನ ಲೆಕ್ಕ. ಡಾ. ಎ. ರಾಮಚಂದ್ರನ್ ತಂಡ ಇಂಥದೇ ಹೊಸ್ತಿಲಲ್ಲಿದ್ದ 531 ಜನರನ್ನ ತಗೊಂಡು, ಒಂದು ಗುಂಪಿಗೆ ದಿನಾ ಅರ್ಧ ಗಂಟೆಯಾದರೂ ಬಿರುಸು ನಡಿಗೆ, ಜೊತೆಗೆ ಊಟದಲ್ಲಿ ಹಿಡಿತ ಹೇಳಿತು. 2006ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಮೂರು ವರ್ಷಕ್ಕೆ ಏನೂ ಹೇಳದ ಗುಂಪಿನಲ್ಲಿ 55% ಮಧುಮೇಹ, ಈ ಗುಂಪಿನಲ್ಲಿ 39.3%. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲೂ ಹತ್ತಿರಹತ್ತಿರ ಅಷ್ಟೇ, 40.5%. ಎರಡೂ ಒಟ್ಟಿಗೆ ಮಾಡಿದವರಿಗೆ ಹೆಚ್ಚಿನ ಲಾಭ ಏನೂ ಸಿಗಲಿಲ್ಲ. ಮತ್ತೆ, ನಡೆದವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ.