ಹೊರಗಿನ ಬೆಳೆ, ಒಳಗಿನ ಹೆಸರು: ಕನ್ನಡ ಅಡುಗೆಮನೆಯ ಕೆಲವು ಪದಗಳ ಚರಿತ್ರೆ

ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ ಬಳಸದ ಮನೆಗಳು ಕರ್ನಾಟಕದಲ್ಲಿ ಇಂದಿಗೂ ಅನೇಕ. ಆಲೂಗಡ್ಡೆ, ಟೊಮೆಟೊ, ಎಲೆಕೋಸುಗಳಿಗೂ ಅಂದು ಪ್ರವೇಶವಿಲ್ಲ. ಖಾರಕ್ಕೆ ಕಾಳುಮೆಣಸು, ಶುಂಠಿ; ಪಲ್ಯಕ್ಕೆ ಬಾಳೆಕಾಯಿ, ಹಾಗಲಕಾಯಿ. ಕಾರಣ ಕೇಳಿದರೆ ‘ಪಿತೃಗಳಿಗೆ ಆಗದು’ ಎಂಬ ಉತ್ತರ ಸಿಗುತ್ತದೆ. ಈ ಉತ್ತರವು ಅದನ್ನು ಹೇಳುವವರು ತಿಳಿದಿರುವುದಕ್ಕಿಂತಲೂ ಹೆಚ್ಚು ನಿಖರವಾದುದು. ಐದುನೂರು ವರ್ಷಗಳಾಚೆಯ ಪಿತೃಗಳಿಗೆ ಮೆಣಸಿನಕಾಯಿಯ ರುಚಿಯೇ ಗೊತ್ತಿರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿಗಳ ನಿಷೇಧ ಬೇರೆಯ ಮಾತು; ಅವು ಈ ನೆಲದಲ್ಲಿ ಹಳೆಯವು, ಅವುಗಳ ಮೇಲಿನ ನಿಷೇಧವೂ ಹಳೆಯದು. ಆದರೆ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗಳು ಅಮೆರಿಕ ಖಂಡದ ಸಸ್ಯಗಳು. ಅವು ಯಾವ ಸ್ಮೃತಿಯಲ್ಲಿಯೂ ನಿಷಿದ್ಧವಾಗಿರಲು ಸಾಧ್ಯವಿಲ್ಲ, ಏಕೆಂದರೆ ಸ್ಮೃತಿಕಾರರು ಅವನ್ನು ಕಂಡವರಲ್ಲ. ನಾಲಿಗೆ ಎಂದೋ ಮರೆತದ್ದನ್ನು ಆಚರಣೆಯೊಂದು ವರ್ಷಕ್ಕೊಮ್ಮೆ ನೆನಪಿಸುತ್ತದೆ.

ಇದೇ ಮೆಣಸಿನಕಾಯಿಗೆ ಅದೇ ಮನೆಯ ಇನ್ನೊಂದು ಆಚರಣೆಯಲ್ಲಿ ಅಗ್ರಸ್ಥಾನವಿದೆ. ಮಗುವಿಗೆ ದೃಷ್ಟಿಯಾಯಿತೆಂದರೆ ಅಜ್ಜಿ ಹಿಡಿ ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿಗಳನ್ನು ನಿವಾಳಿಸಿ ಒಲೆಗೆ ಹಾಕುತ್ತಾಳೆ. ಘಾಟು ಏಳದಿದ್ದರೆ ತಗುಲಿದ ದೃಷ್ಟಿ ಬಲವಾದುದೆಂದು ತಿಳಿಯುತ್ತಾಳೆ. ಅಂಗಡಿಯ ಬಾಗಿಲಿಗೂ ಲಾರಿಯ ಮುಂಭಾಗಕ್ಕೂ ನಿಂಬೆಹಣ್ಣಿನೊಡನೆ ಕಟ್ಟುವುದು ಹಸಿಮೆಣಸಿನಕಾಯಿಯನ್ನೇ. ದೃಷ್ಟಿಯ ನಂಬಿಕೆ ಬಹು ಪ್ರಾಚೀನವಾದುದು. ಅದರ ಈ ಮುಖ್ಯ ಉಪಕರಣ ಮಾತ್ರ ಹೊಸದು. ಪುರೋಹಿತರ ನಿಯಂತ್ರಣದಲ್ಲಿರುವ ವಿಧಿಯು ಹೊಸ ವಸ್ತುವನ್ನು ಹೊರಗಿಟ್ಟಿತು. ಹೆಂಗಸರ ಕೈಯಲ್ಲಿದ್ದ ವಿಧಿಯು ಅದರ ಗುಣವನ್ನು ಪರೀಕ್ಷಿಸಿ ಒಳಗೆ ಬಿಟ್ಟುಕೊಂಡಿತು. ಪರಂಪರೆ ಎಂಬ ಒಂದೇ ಹೆಸರಿನಿಂದ ಕರೆಯಲಾಗುವ ಈ ಎರಡರ ನಡಾವಳಿ ಒಂದೇ ಅಲ್ಲ. ಇದನ್ನು ಗುರುತಿಸದೆ ‘ನಮ್ಮ ಸನಾತನ ಆಹಾರಪದ್ಧತಿ’ ಎಂದು ಸಾರಾಸಗಟಾಗಿ ಮಾತನಾಡುವ ವಾಡಿಕೆ ಈಚೆಗೆ ಬೆಳೆದಿದೆ. ಅದಕ್ಕೆ ಉತ್ತರವನ್ನು ಹುಡುಕಬೇಕಾದುದು ಗ್ರಂಥಗಳಲ್ಲಿ ಮಾತ್ರವಲ್ಲ, ಪದಾರ್ಥಗಳ ಹೆಸರುಗಳಲ್ಲಿಯೂ ಹೌದು.

‘ಮೆಣಸಿನಕಾಯಿ’ ಎಂಬ ಮಾತನ್ನೇ ನೋಡಬಹುದು. ಮೆಣಸು ಪಶ್ಚಿಮಘಟ್ಟದ ಬಳ್ಳಿ. ಅದನ್ನರಸಿ ರೋಮಿನ ಹಡಗುಗಳು ಮಲಬಾರಿಗೆ ಬಂದವು. 1498ರಲ್ಲಿ ವಾಸ್ಕೊ ಡ ಗಾಮ ಬಂದುದೂ ಮುಖ್ಯವಾಗಿ ಅದಕ್ಕಾಗಿಯೇ. ಅದಕ್ಕೂ ಆರು ವರ್ಷ ಮೊದಲು, ಅದೇ ಮೆಣಸಿನ ಆಸೆಯಿಂದ ಪಶ್ಚಿಮಕ್ಕೆ ಹೊರಟಿದ್ದ ಕೊಲಂಬಸ್ ಕೆರಿಬಿಯನ್ ದ್ವೀಪಗಳನ್ನು ತಲುಪಿ, ಅಲ್ಲಿಯ ಖಾರದ ಕಾಯಿಯೊಂದನ್ನು ಮೆಣಸಿನ ಬಗೆಯೆಂದೇ ಭಾವಿಸಿದನು. ಸ್ಪ್ಯಾನಿಷ್ ಭಾಷೆಯಲ್ಲಿ ಮೆಣಸು ‘ಪಿಮಿಯೆಂಟಾ’, ಮೆಣಸಿನಕಾಯಿ ‘ಪಿಮಿಯೆಂಟೊ’ ಆದುದು ಹೀಗೆ. ಪೋರ್ಚುಗೀಸರ ಮೂಲಕ ಆ ಕಾಯಿ ಗೋವೆಯ ರೇವಿಗೆ ಬಂದಿಳಿದಾಗ ಕನ್ನಡಿಗರು, ಕೊಲಂಬಸನ ಸುದ್ದಿಯೇ ತಿಳಿಯದೆ, ಅವನಂತೆಯೇ ನಡೆದುಕೊಂಡರು. ಖಾರವೆಂದರೆ ಮೆಣಸು, ಇದು ಕಾಳಲ್ಲ, ಕಾಯಿ, ಆದುದರಿಂದ ಮೆಣಸಿನಕಾಯಿ. ಮುಂಬಯಿ ಕಡೆ ಅದಕ್ಕೆ ‘ಗೋವೈ ಮಿರ್ಚಿ’ ಎಂಬ ಹೆಸರೂ ಇದ್ದುದುಂಟು. ಬಂದ ದಾರಿಯನ್ನು ಆ ಹೆಸರು ಮುಚ್ಚಿಡಲಿಲ್ಲ.

ಸ್ವಾರಸ್ಯವಿರುವುದು ಮುಂದಿನ ಹಂತದಲ್ಲಿ. ಹೊಸಬನು ಹೊಲವನ್ನೂ ಒರಳನ್ನೂ ಆಕ್ರಮಿಸಿದ ಮೇಲೆ ಹಳಬನಿಗೆ ತನ್ನ ಹೆಸರು ಸಾಲದಾಯಿತು. ಹಿಂದೆ ಬರಿಯ ‘ಮೆಣಸು’ ಎಂದರೆ ಸಾಕಾಗಿದ್ದ ವಸ್ತು ಈಗ ‘ಕರಿಮೆಣಸು’, ‘ಕಾಳುಮೆಣಸು’ ಎಂದು ವಿಶೇಷಣ ತೊಟ್ಟುಕೊಳ್ಳಬೇಕಾಯಿತು. ಕರಾವಳಿಯಲ್ಲಿ ಅದು ‘ಒಳ್ಳೆಮೆಣಸು’, ತುಳುವಿನಲ್ಲಿ ‘ಎಡ್ಡೆಮುಂಚಿ’, ಮಲಯಾಳದಲ್ಲಿ ‘ನಲ್ಲಮುಳಕು’. ಮೂರರ ಅರ್ಥವೂ ಒಂದೇ: ಒಳ್ಳೆಯದು, ಅಸಲಿಯಾದುದು. ಮೆಣಸಿನ ನಾಡಿನ ಜನರೇ ತಮ್ಮ ಮೆಣಸನ್ನು ಅಸಲಿಯೆಂದು ಒತ್ತಿ ಹೇಳಬೇಕಾದ ಕಾಲವೊಂದು ಬಂದಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಪುರಂದರದಾಸರ ಹೆಸರಿನಲ್ಲಿರುವ, ಮೆಣಸಿನಕಾಯಿಯನ್ನು ಕುರಿತ ರಚನೆಯೊಂದನ್ನು ಆಹಾರ ಚರಿತ್ರಕಾರ ಕೆ.ಟಿ. ಅಚಯ ಉಲ್ಲೇಖಿಸಿದ್ದಾರೆ. ಅದು ದಾಸರದೇ ಆದರೆ, 1564ರ ಹೊತ್ತಿಗಾಗಲೇ ಈ ಕಾಯಿ ಕನ್ನಡ ಹಾಡಿನೊಳಗೆ ಬಂದಿತ್ತೆಂದು ತಿಳಿಯಬೇಕು. ಆದರೆ ಬಾಯಿಂದ ಬಾಯಿಗೆ ಹರಿದ ರಚನೆಗಳ ಕಾಲವನ್ನು ಅಂಕಿತವೊಂದರಿಂದಲೇ ನಿರ್ಧರಿಸುವುದು ಕ್ಷೇಮವಲ್ಲವೆಂಬುದನ್ನು ಜಾನಪದದ ಅಭ್ಯಾಸಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂದು ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ; 2011ರಲ್ಲಿ ಅದು ದೊರೆಯಿತು. ಪರದೇಶದ ಗಿಡವೊಂದು ಒಂದು ಊರಿನ ಸ್ವತ್ತಾಗಲು ಬೇಕಾದುದು ಹೀಗೆ ಕೆಲವೇ ಶತಮಾನಗಳು.

ಹಳೆಯ ಹೆಸರನ್ನು ಹೊಸಬನು ಕಸಿದುಕೊಂಡ ಇನ್ನೊಂದು ಪ್ರಸಂಗ ಗೇರಿನದು. ಇಂದು ಗೇರು ಎಂದೊಡನೆ ಗೋಡಂಬಿಯ ಮರ ನೆನಪಾಗುತ್ತದೆ. ಅದು ಬ್ರೆಜಿಲಿನಿಂದ ಪೋರ್ಚುಗೀಸರು ತಂದ ಮರ. ಮೂಲದಲ್ಲಿ ‘ಗೇರು’ ಎನಿಸಿದ್ದುದು ನಮ್ಮ ಕಾಡುಗಳ ಭಲ್ಲಾತಕ ವೃಕ್ಷ. ಅಗಸರು ಬಟ್ಟೆಗೆ ಗುರುತು ಹಾಕಲು ಯಾವ ಕಾಯಿಯ ಕಪ್ಪು ರಸವನ್ನು ಬಳಸುತ್ತಿದ್ದರೋ ಅದು. ಎರಡೂ ಒಂದೇ ಕುಟುಂಬದ ಮರಗಳು. ಎರಡರಲ್ಲಿಯೂ ಬೀಜವು ಉಬ್ಬಿದ ತೊಟ್ಟಿನ ತುದಿಯಲ್ಲಿ ಹೊರಗೆ ಕುಳಿತಿರುತ್ತದೆ. ಎರಡರ ಸೊನೆಯೂ ಚರ್ಮವನ್ನು ಸುಡುತ್ತದೆ. ಸಸ್ಯಶಾಸ್ತ್ರಜ್ಞರು ಮುಂದೆ ಗುರುತಿಸಲಿದ್ದ ನೆಂಟಸ್ತಿಕೆಯನ್ನು ಕರಾವಳಿಯ ಜನ ಕಣ್ಣಳತೆಯಿಂದಲೇ ಗುರುತಿಸಿ ಹೊಸ ಮರಕ್ಕೆ ಹಳೆಯ ಹೆಸರನ್ನು ಕೊಟ್ಟರು. ಬಳಿಕ ಸ್ವದೇಶಿ ಮರವು ‘ಕರಿಗೇರು’, ‘ಗುಡ್ಡಗೇರು’ ಆಗಿ ಬೆಟ್ಟಕ್ಕೆ ಸರಿಯಿತು.

ಗೇರು ಶಬ್ದದ ಹಳೆಯ ಅರ್ಥಕ್ಕೆ ಒಂದು ಖಚಿತವಾದ ಆಧಾರ ಶರಾವತಿಯ ದಡದಲ್ಲಿದೆ. ಗೇರುಸೊಪ್ಪೆಯನ್ನು ಸಂಸ್ಕೃತದಲ್ಲಿ ಬರೆಯುವಾಗ ಜೈನ ವಿದ್ವಾಂಸರು ‘ಭಲ್ಲಾತಕೀಪುರ’ ಎಂದು ಕರೆದರು. ಊರ ಹೆಸರನ್ನು ಅನುವಾದಿಸಿದ ಆ ಲೇಖಕರಿಗೆ ಗೇರು ಎಂದರೆ ಭಲ್ಲಾತಕವೇ ಆಗಿತ್ತು. ಗೋಡಂಬಿ ಅವರ ಕಲ್ಪನೆಯಲ್ಲಿ ಇರಲಿಲ್ಲ. ಇಂದು ಗೇರುಸೊಪ್ಪೆಯ ಹೆಸರನ್ನು ಗೋಡಂಬಿ ತೋಟಗಳಿಗೆ ಜೋಡಿಸಿ ವಿವರಿಸುವವರು ಈ ಸಂಸ್ಕೃತ ರೂಪವನ್ನು ಗಮನಿಸಬೇಕು. ಇದೇ ಊರಿನಿಂದ ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಯಾರಿಗೆ ಮೆಣಸು ಮಾರಿ ಆಕೆ ರಾಣಿ ಎನಿಸಿಕೊಂಡಳೋ, ಅವರ ಹಡಗುಗಳಲ್ಲಿಯೇ ಆಕೆಯ ಮೆಣಸಿನ ಹೆಸರನ್ನೂ ಆಕೆಯ ಊರಿನ ಗೇರಿನ ಹೆಸರನ್ನೂ ಕಿತ್ತುಕೊಳ್ಳುವ ಸಸ್ಯಗಳು ಬಂದಿಳಿದಿದ್ದವು.

ಹೊರಗಿನವನ ಗುರುತನ್ನು ಬಚ್ಚಿಡದೆ ಹಾಗೆಯೇ ಉಳಿಸಿಕೊಂಡ ಹೆಸರುಗಳೂ ಇವೆ. ‘ಪರಂಗಿ’ ಎಂಬುದು ಅಂಥದು. ಧರ್ಮಯುದ್ಧಗಳ ಕಾಲದಲ್ಲಿ ಅರಬರು ಐರೋಪ್ಯರನ್ನು ಕರೆದ ‘ಫ್ರಾಂಕ್’ ಜನಾಂಗದ ಹೆಸರು ಪಾರಸಿಯಲ್ಲಿ ‘ಫರಂಗಿ’ಯಾಗಿ, ಕನ್ನಡಕ್ಕೆ ‘ಪರಂಗಿ’ಯಾಗಿ ಬಂತು. ಹಳೆ ಮೈಸೂರಿನಲ್ಲಿ ಪರಂಗಿಹಣ್ಣು ಎಂದರೆ ಪಪ್ಪಾಯಿ. ಆದರೆ ಈ ಶಬ್ದದ ಸಂಸಾರ ದೊಡ್ಡದು. ಪೋರ್ಚುಗೀಸರ ಜೊತೆಗೆ ಹರಡಿದ ಗುಹ್ಯರೋಗವನ್ನು ಹದಿನಾರನೆಯ ಶತಮಾನದ ವೈದ್ಯಗ್ರಂಥವಾದ ‘ಭಾವಪ್ರಕಾಶ’ವು ‘ಫಿರಂಗರೋಗ’ವೆಂದು ಕರೆದಿದೆ, ಅದಕ್ಕೆ ಮದ್ದಾಗಿ ಬಂದ ಚೀನಾ ದೇಶದ ಬೇರು ಕನ್ನಡದ ಗಂಧಿಗೆ ಅಂಗಡಿಯಲ್ಲಿ ‘ಪರಂಗಿಚಕ್ಕೆ’. ಗೋವೆಯಲ್ಲಿದ್ದ ವೈದ್ಯ ಗಾರ್ಸಿಯ ಡ ಓರ್ಟಾ 1563ರಲ್ಲಿ ಮುದ್ರಿಸಿದ ಗ್ರಂಥದಲ್ಲಿ ಆ ಬೇರಿನ ಚರ್ಚೆಯಿದೆ. ರೋಗ, ಮದ್ದು, ಹಣ್ಣು ಮೂರಕ್ಕೂ ಒಂದೇ ಹೆಸರು. ಹಣ್ಣು ಮಾತ್ರ ಹಿತ್ತಲಲ್ಲಿ ಉಳಿಯಿತು.

ಬ್ರಿಟಿಷರ ಕಾಲಕ್ಕೆ ‘ಪರಂಗಿ’ಯ ಜಾಗವನ್ನು ‘ಸೀಮೆ’ ಹಿಡಿಯಿತು. ಸೀಮೆ ಎಂದರೆ ಎಲ್ಲೆ, ಎಲ್ಲೆಯೊಳಗಿನ ಪ್ರದೇಶ. ಬಯಲುಸೀಮೆ, ಮೈಸೂರುಸೀಮೆ ಎಂಬಲ್ಲಿ ಇರುವುದು ಆ ಅರ್ಥವೇ. ಅದೇ ಶಬ್ದ ಎಲ್ಲೆಯಾಚೆಯ ದೂರದೇಶವನ್ನು ಹೇಳತೊಡಗಿತು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಕರಾವಳಿಯವರು ಸೀಮೆಎಣ್ಣೆಯನ್ನು ಬಂದ ದೇಶದಿಂದಲ್ಲದೆ ಉರಿಸುವ ದೀಪದಿಂದ ಗುರುತಿಸಿ ‘ಚಿಮಣಿಎಣ್ಣೆ’ ಎಂದರು. ಸೀಮೆಬದನೆಯ ಕಥೆ ಇನ್ನೂ ತಮಾಷೆಯಾಗಿದೆ. ಬದನೆಗೂ ಮೆಕ್ಸಿಕೊ ಕಡೆಯ ಈ ಬಳ್ಳಿಗೂ ಸಂಬಂಧವಿಲ್ಲ. ಇದು ಸೋರೆ, ಕುಂಬಳಗಳ ಕುಲದ್ದು. ನಾವು ಅದನ್ನು ಸೀಮೆಯದೆಂದರೆ ತಮಿಳರು ‘ಬೆಂಗಳೂರು ಕತ್ತರಿಕಾಯ್’, ತೆಲುಗರು ‘ಬೆಂಗಳೂರು ವಂಕಾಯ’ ಎನ್ನುತ್ತಾರೆ. ಒಬ್ಬರ ಸೀಮೆ ಇನ್ನೊಬ್ಬರಿಗೆ ಬೆಂಗಳೂರು.

ಇಷ್ಟರವರೆಗಿನ ಹೆಸರುಗಳು ತಮ್ಮ ಚರಿತ್ರೆಯನ್ನು ತಾವೇ ಹೇಳಿದವು. ವಿವಾದಕ್ಕೆ ಎಡೆಮಾಡಿದ್ದು ಮೆಕ್ಕೆಜೋಳ. ಜೋಳ ಈ ನಾಡಿನಲ್ಲಿ ಋಣಕ್ಕೆ ಪರ್ಯಾಯವಾದ ಮಾತು. ಒಡೆಯನ ಅನ್ನಕ್ಕೆ ಪ್ರಾಣ ತೆರುವ ನಿಷ್ಠೆಯನ್ನು ಪ್ರಾಚೀನರು ‘ಜೋಳವಾಳಿ’ ಎಂದರು. ಹೊಸ ಧಾನ್ಯವೊಂದು ಬಂದಾಗ ಅದನ್ನು ಜೋಳದ ಕುಲಕ್ಕೇ ಸೇರಿಸಿಕೊಂಡು, ತೆನೆಯ ಸಿಪ್ಪೆಯ ಮುಸುಕನ್ನು ಕಂಡವರು ‘ಮುಸುಕಿನ ಜೋಳ’ವೆಂದರು. ಉತ್ತರ ಕರ್ನಾಟಕದಲ್ಲಿ ಅದು ‘ಗೋವಿನ ಜೋಳ’. ಗೋವು ಎಂದರೆ ದನವೋ ಗೋವೆಯೋ ಎಂದು ಕೇಳಬೇಕೆನಿಸುವುದು ಸಹಜ. ಆದರೆ ಧ್ವನಿಸಾಮ್ಯವೊಂದನ್ನೇ ನಂಬಿ ತೀರ್ಮಾನಿಸುವ ಚಪಲವನ್ನು ತಡೆಯುವುದು ಮೇಲು. ‘ಮೆಕ್ಕೆ’ಯನ್ನು ಹಿಂದಿಯ ‘ಮಕ್ಕಾ’, ಮರಾಠಿಯ ‘ಮಕಾ’ಗಳ ಜೊತೆಗಿಟ್ಟು ಅರಬರ ಮೆಕ್ಕಾ ನಗರದವರೆಗೆ ಒಯ್ಯುವವರಿದ್ದಾರೆ. ಇಟಲಿಯವರು ಇದೇ ಧಾನ್ಯವನ್ನು ‘ತುರ್ಕಿಯ ಕಾಳು’ ಎಂದು ಕರೆದುದನ್ನು ನೆನೆದರೆ ಆ ಊಹೆ ತೀರ ಅಸಂಭವವಲ್ಲ. ಎಲ್ಲಿಯದೆಂದು ತಿಳಿಯದ ವಸ್ತುವನ್ನು ದೂರದ, ಹೆಸರಾಂತ ಊರೊಂದಕ್ಕೆ ಅಂಟಿಸುವುದು ಜನಪದರ ರೂಢಿ.

1989ರಲ್ಲಿ ಕಾರ್ಲ್ ಜೋಹಾನೆಸನ್ ಮತ್ತು ಆ್ಯನ್ ಪಾರ್ಕರ್ ಎಂಬ ಅಮೆರಿಕದ ವಿದ್ವಾಂಸರು ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳದ ತೆನೆಗಳಿವೆಯೆಂದು ವಾದಿಸಿದರು. ಸೋಮನಾಥಪುರದ ಹದಿಮೂರನೆಯ ಶತಮಾನದ ಕೇಶವ ದೇವಾಲಯದಲ್ಲಿ, ಸಾಲುಸಾಲು ಕಾಳುಗಳಂತೆ ಕಾಣುವ ಫಲವನ್ನು ಹಿಡಿದ ಮೂರ್ತಿಗಳಿರುವುದು ನಿಜ. ಅದು ಮೆಕ್ಕೆಜೋಳವೇ ಆಗಿದ್ದರೆ ಕೊಲಂಬಸನಿಗಿಂತ ಎರಡು ಶತಮಾನ ಮೊದಲೇ ಅಮೆರಿಕದ ಬೆಳೆ ಕಾವೇರಿಯ ದಡದಲ್ಲಿತ್ತು ಎಂದಾಗುತ್ತದೆ. 1993ರಲ್ಲಿ ಪಾಯಕ್ ಮತ್ತು ಸಚನ್ ಇದನ್ನು ಅಲ್ಲಗಳೆದು, ಶಿಲ್ಪಿಗಳು ಕಡೆದದ್ದು ಮುತ್ತುಗಳಿಂದ ಅಲಂಕೃತವಾದ ಕಾಲ್ಪನಿಕ ‘ಮುಕ್ತಾಫಲ’ವನ್ನು ಎಂದರು. ವಾದ ಅಲ್ಲಿಗೇ ಮುಗಿಯಲಿಲ್ಲವಾದರೂ ತೂಕ ಎರಡನೆಯ ಪಕ್ಷದ ಕಡೆಗಿದೆ. ಜನ ಬೆಳೆದು ತಿಂದ ಧಾನ್ಯವೊಂದು ಕಲ್ಲಿನ ಮೇಲೆ ಮಾತ್ರ ಉಳಿದು ಮಾತಿನಲ್ಲಿ ಉಳಿಯದಿರುವುದು ಕಷ್ಟ. ಜೋಳ, ರಾಗಿ, ನವಣೆ, ಸಾಮೆಗಳಿಗೆ ಅವವೇ ಆದ ಹೆಸರುಗಳಿರುವಾಗ, ಅಷ್ಟು ಹಳೆಯದಾದ ಇನ್ನೊಂದು ಧಾನ್ಯವು ಜೋಳದ ಹೆಸರನ್ನು ಸಾಲ ತಂದು ಮುಸುಕನ್ನೋ ಮೆಕ್ಕೆಯನ್ನೋ ಸೇರಿಸಿಕೊಳ್ಳಬೇಕಾಗಿರಲಿಲ್ಲ. ಸೀತಾಫಲದ ವಿಷಯದಲ್ಲಿಯೂ ಇಂಥದೇ ಪ್ರಸಂಗ ನಡೆದಿದೆ. ಅಲೆಗ್ಸಾಂಡರ್ ಕನ್ನಿಂಗ್‌ಹ್ಯಾಮ್ ಭಾರ್ಹುತದ ಶಿಲ್ಪಗಳಲ್ಲಿ ಆ ಹಣ್ಣನ್ನು ಕಂಡೆನೆಂದು ಭಾವಿಸಿದ್ದರು. ಸೀತಾಫಲ, ರಾಮಫಲಗಳೆರಡೂ ಅಮೆರಿಕದವು. ಆದರೆ ವನವಾಸದ ಕಥೆಗಳೊಡನೆ ಅವನ್ನು ಹೆಣೆದ ನಾಲಿಗೆಗೆ ಆ ಅನುಮಾನ ಎಂದೂ ಬರಲಿಲ್ಲ. ಲಕ್ಷ್ಮಣನಿಗೂ ಒಂದು ಫಲವನ್ನು ಹುಡುಕಿ ಕೊಡಲಾಗಿದೆ.

ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯ ಐತಿಹ್ಯವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ರೈತರ ಕಡಲೆಕಾಯಿ ಹೊಲಕ್ಕೆ ರಾತ್ರಿ ಬಸವವೊಂದು ನುಗ್ಗುತ್ತಿತ್ತು. ಅಟ್ಟಿಸಿಕೊಂಡು ಹೋದಾಗ ಅದು ಕಲ್ಲಾಯಿತು. ಅಂದಿನಿಂದ ಮೊದಲ ಫಸಲು ಬಸವಣ್ಣನಿಗೆ. ಗುಡಿಯನ್ನು ಕೆಂಪೇಗೌಡರ ಕಾಲಕ್ಕೆ ಒಯ್ಯಲಾಗುತ್ತದೆ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ದಕ್ಷಿಣ ಭಾರತದಲ್ಲಿ ಅದು ವ್ಯಾಪಕವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಪುದುಚೇರಿಯ ರೇವಿನಿಂದ ಫ್ರಾನ್ಸಿಗೆ ಎಣ್ಣೆಕಾಳು ಸಾಗತೊಡಗಿದ ಮೇಲೆ. ಹೆಸರೂ ನಿಜವಾದ ಕಡಲೆಯಿಂದ ಎರವಲು ತಂದದ್ದೇ. ಹಾಗೆಂದ ಮಾತ್ರಕ್ಕೆ ಐತಿಹ್ಯವನ್ನು ಸುಳ್ಳೆಂದು ತಳ್ಳಿಹಾಕುವುದು ಅವಸರದ ಕೆಲಸ. ಪೈರು ಮೇಯುವ ಬಸವನೂ ಮೊದಲ ಫಸಲಿನ ಹರಕೆಯೂ ಕೃಷಿಕರ ನಂಬಿಕೆಯಲ್ಲಿ ಬೇರುಬಿಟ್ಟವು. ಹೊಲದ ಪೈರು ಬದಲಾದಾಗ ಕಥೆಯೊಳಗಿನ ಪೈರೂ ಬದಲಾಗಿರಬಹುದು. ಕಡಲೆಕಾಯಿಗೂ ಮುಂಚೆ ಆ ಬಸವ ಮೇಯುತ್ತಿದ್ದುದು ರಾಗಿಯನ್ನೋ ಅವರೆಯನ್ನೋ ಎಂಬುದನ್ನು ಕಥೆ ಮರೆತಿದೆ.

ಹೀಗೆ ಹೆಸರಿಟ್ಟವರು ಯಾರೆಂಬುದಕ್ಕೆ ದಾಖಲೆಯಿಲ್ಲ. ರೇವಿನ ಹಮಾಲಿಗಳು, ಸಂತೆಯ ಹೆಂಗಸರು, ಹೊಲದವರು ಇರಬೇಕು. ಈಗ ಆ ಕೆಲಸ ಬೇರೆಯವರ ಕೈಗೆ ಹೋಗುತ್ತಿದೆ. ದಾವಣಗೆರೆ, ಹಾವೇರಿಗಳ ರೈತ ಮೆಕ್ಕೆಜೋಳದ ಬೀಜವನ್ನು ಕಂಪನಿಯ ಹೆಸರು, ಸಂಖ್ಯೆಗಳಿಂದ ಕೇಳಿ ಕೊಳ್ಳುತ್ತಾನೆ. 2021ರ ಜನವರಿಯಲ್ಲಿ ಗುಜರಾತ್ ಸರ್ಕಾರವು ಮಧ್ಯ ಅಮೆರಿಕದಿಂದ ಹೊರಟು ಲೋಕ ಸುತ್ತಿ ಬಂದ ಡ್ರ್ಯಾಗನ್ ಹಣ್ಣಿಗೆ ‘ಕಮಲಂ’ ಎಂದು ನಾಮಕರಣ ಮಾಡಿತು. ಸೀತಾಫಲದ ಸಂತೆಗೆ ಯಾವ ಸರ್ಕಾರದ ಪ್ರಕಟಣೆಯೂ ಬೇಕಾಗಿರಲಿಲ್ಲ. ಕರ್ನಾಟಕದ ರಸ್ತೆಬದಿಯ ಗಾಡಿಗಳಲ್ಲಿ ಅದನ್ನು ಮಾರುವವರು ಕೂಗುವುದು ಇನ್ನೂ ‘ಡ್ರ್ಯಾಗನ್’ ಎಂದೇ.