ಒಂದು ಸೊನ್ನೆಯಾದ ಕಥೆ

ನುಡಿಯಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಬ್ಲಾಗಿಗೆ ಅಂಟಿಸಿದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಬೈಟುಗಳೆಲ್ಲ ಸರಿಯಾಗೇ ಇರುತ್ತವೆ, ಓದುವವರಿಗೆ ಮಾತ್ರ ಚಿತ್ರವಿಚಿತ್ರ ಅಕ್ಷರ! ಬರೆದವರ ಒಪ್ಪಂದ ಒಂದು, ಓದುವವರ ಒಪ್ಪಂದ ಇನ್ನೊಂದು. ನಮ್ಮ ಮೊಬೈಲುಗಳ ಒಳಗಿರುವ ಆರ್ಮ್ ಪ್ರೊಸೆಸರಿನಲ್ಲಿ ದಶಾಂಶ ಸಂಖ್ಯೆಗಳಿಗೂ ವರ್ಷಗಟ್ಟಲೆ ಇದೇ ಗೋಳಿತ್ತು.

ಆರ್ಮ್ ಹುಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿದ್ದ ಏಕಾರ್ನ್ ಕಂಪನಿಯಲ್ಲಿ. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಮೊದಲ ಚಿಪ್ ಉಸಿರಾಡಿದ್ದು 1985ರ ಏಪ್ರಿಲ್ 26ರಂದು. ಅದಕ್ಕೆ ಕೂಡಿ ಕಳೆಯೋದು ಬರುತ್ತಿತ್ತು, ಗುಣಿಸುವ ಆದೇಶ ಕೂಡ ಇರಲಿಲ್ಲ. ಇನ್ನು 3.14 ಎಲ್ಲಿಂದ ಬರಬೇಕು? ಆಮೇಲೆ ಎಫ್‌ಪಿಎ ಅನ್ನೋ ಗಣಿತದ ಸಹಾಯಕ ಬಂತು. ಆದರೆ ಬಹಳಷ್ಟು ಯಂತ್ರಗಳಲ್ಲಿ ಆ ಚಿಪ್ಪೇ ಇರುತ್ತಿರಲಿಲ್ಲ. ಅದರ ಆದೇಶ ಎದುರಾದಾಗ ಪ್ರೊಸೆಸರ್ 'ಇದು ನನಗೆ ಗೊತ್ತಿಲ್ಲ' ಅಂತ ಕೈಚೆಲ್ಲುತ್ತಿತ್ತು. ಆಗ ಕರ್ನಲ್ ಎದ್ದು ಬಂದು, ಆ ಆದೇಶವನ್ನು ಓದಿ, ಲೆಕ್ಕ ಮಾಡಿಕೊಟ್ಟು ಹೋಗಬೇಕು. ಲಿನಕ್ಸಿನಲ್ಲಿ ಈ ಕೆಲಸ ಮಾಡುತ್ತಿದ್ದ ನೆಟ್‌ವೈಂಡರ್ ಎಮ್ಯುಲೇಟರ್ ತಯಾರಾಗಿದ್ದು ಜಾನ್ ಹೌಸರ್ ಅವರ ಸಾಫ್ಟ್‌ಫ್ಲೋಟ್‌ನಿಂದ. ಒಂದು ಸಂಕಲನಕ್ಕೂ ಕರ್ನಲ್ ಬಾಗಿಲು ತಟ್ಟಬೇಕು ಅಂದ್ರೆ ವೇಗದ ಗತಿ ಏನು ಹೇಳಿ?

ಇದಕ್ಕೆ ಪರಿಹಾರವೇ ಸಾಫ್ಟ್ ಫ್ಲೋಟ್. ಕಂಪೈಲರ್ ಆ ಆದೇಶಗಳನ್ನು ಬಳಸುವುದೇ ಇಲ್ಲ, ಪ್ರತಿ ಲೆಕ್ಕಕ್ಕೂ ಲೈಬ್ರರಿಯ ಒಂದು ಫಂಕ್ಷನ್ ಕರೆಯುತ್ತದೆ. ಆದರೆ ಪಿಸಿಯಲ್ಲಿ ಕೂತು ಬೋರ್ಡಿಗಾಗಿ ಕಂಪೈಲ್ ಮಾಡುವಾಗ ಕಂಪೈಲರ್, ಸಿ ಲೈಬ್ರರಿ, ನಮ್ಮ ಪ್ರೋಗ್ರಾಮು ಮೂರೂ ಒಂದೇ ಒಪ್ಪಂದದಲ್ಲಿರಬೇಕು. ಒಂದು ತಪ್ಪಿದರೂ ಲಿಂಕರ್ ಬೈಯುತ್ತೆ. ಆ ಬೈಗುಳ ಎಷ್ಟೋ ವಾಸಿ ಅನ್ನೋದು ನನಗೆ ಗೊತ್ತಾಗಿದ್ದು ಬೈಯದೇ ಕೆಟ್ಟ ಒಂದು ಪ್ರಕರಣದಲ್ಲಿ.

ನಾನಾಗ ಕೆಲಸ ಮಾಡುತ್ತಿದ್ದುದು ಎಕ್ಸ್‌ಸ್ಕೇಲ್ ಬೋರ್ಡಿನ ಮೇಲೆ. ಅದೂ ಆರ್ಮ್ ಕುಟುಂಬದ್ದೇ, ಅದರಲ್ಲೂ ದಶಾಂಶದ ಚಿಪ್ ಇಲ್ಲ. ಅಳತೆಗಳು ಬೋರ್ಡಿನ ಪರದೆಯಲ್ಲಿ ಸರಿಯಾಗಿ ಕಾಣುತ್ತಿದ್ದವು. ಅದೇ ಫೈಲನ್ನು ಪಿಸಿಗೆ ತಂದು ಓದಿದರೆ 1.0 ಇದ್ದ ಕಡೆಯೆಲ್ಲ 0.000000! ತಿಣುಕಾಡಿದ ಮೇಲೆ ಕಾರಣ ಸಿಕ್ಕಿತು. 64 ಬಿಟ್ಟಿನ ದಶಾಂಶದಲ್ಲಿ 32 ಬಿಟ್ಟುಗಳ ಎರಡು ತುಂಡು. ಪಿಸಿ ಕೆಳಗಿನ ತುಂಡನ್ನು ಮೊದಲು ಇಡುತ್ತದೆ. ಎಫ್‌ಪಿಎ ಪದ್ಧತಿ ಮೇಲಿನದನ್ನು ಮೊದಲು ಇಡುತ್ತದೆ, ಉಳಿದೆಲ್ಲ ವಿಷಯದಲ್ಲಿ ಪಿಸಿಯ ಹಾಗೇ ಇದ್ದರೂ! ಚಿಪ್ ಇಲ್ಲದಿದ್ದರೂ ಅದರ ಚಾಳಿ ಮಾತ್ರ ಉಳಿದಿತ್ತು. ತುಂಡು ಅದಲುಬದಲಾದರೆ 1.0 ಅನ್ನೋದು ಬಿಂದುವಿನ ಮುಂದೆ 314 ಸೊನ್ನೆಗಳಾದ ಮೇಲೆ 53 ಬರುವಂಥ ಸಂಖ್ಯೆಯಾಗುತ್ತೆ. ಅಂದರೆ ಸೊನ್ನೆಯೇ. ಎರಡೂ ಕಡೆ ಗಣಿತ ಸರಿ, ಎಲ್ಲೂ ಎರರ್ ಇಲ್ಲ. ಫೈಲಿನ ಒಳಗಿರುವುದನ್ನು ಯಾವ ಲಿಂಕರೂ ನೋಡುವುದಿಲ್ಲವಲ್ಲ. ಅದೇ ಅಂಕಿ ಯಾರದೋ ಔಷಧಿಯ ಪ್ರಮಾಣವಾಗಿದ್ದರೆ?

ಈ ಚಾಳಿ ಬಿಡಿಸಿದ್ದು ಇಎಬಿಐ ಎಂಬ ಹೊಸ ಒಪ್ಪಂದ. ಹಳೆಯದರ ಜೊತೆ ಬೆರೆಯುವುದಿಲ್ಲವಾದ್ದರಿಂದ ಡೆಬಿಯನ್‌ನವರು ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಿ 2009ರಲ್ಲಿ 'ಆರ್ಮೆಲ್' ಹೊರತಂದರು. ಅಷ್ಟರಲ್ಲಿ ವಿಎಫ್‌ಪಿ ಎಂಬ ನಿಜವಾದ ದಶಾಂಶ ಯಂತ್ರ ಚಿಪ್ಪುಗಳೊಳಗೇ ಬರತೊಡಗಿತ್ತು. ದಶಾಂಶಗಳನ್ನು ಅದರದೇ ರಿಜಿಸ್ಟರುಗಳಲ್ಲಿ ದಾಟಿಸೋಣ ಅಂತ 2013ರಲ್ಲಿ 'ಆರ್ಮ್‌ಎಚ್‌ಎಫ್' ಬಂತು, ಮತ್ತೆ ಎಲ್ಲವೂ ಹೊಸದಾಗಿ! ಅದು ಆರ್ಮ್ ವಿ7 ಬೇಕೆನ್ನುತ್ತಿತ್ತು. 2012ರ ಫೆಬ್ರವರಿ 29ರಂದು ಬಿಡುಗಡೆಯಾದ ರಾಸ್ಪ್‌ಬೆರಿ ಪೈನಲ್ಲಿ ಇದ್ದದ್ದು ವಿ6. ಅದರಲ್ಲಿ ವಿಎಫ್‌ಪಿ ಇದ್ದೂ ಪೂರ್ತಿ ಉಪಯೋಗಕ್ಕಿಲ್ಲದ ಹಾಗಾಗಿತ್ತು. ಅದಕ್ಕೇ ಕೆಲವು ಉತ್ಸಾಹಿಗಳು ಸಾವಿರಾರು ಪ್ಯಾಕೇಜುಗಳನ್ನು ಮರುಕಂಪೈಲ್ ಮಾಡಿ ಅದೇ ವರ್ಷ ರಾಸ್ಪ್‌ಬಿಯನ್ ಕೊಟ್ಟರು. ಅವರಿಗೊಂದು ದೊಡ್ಡ ನಮಸ್ಕಾರ.

ಇಂಥ ತೊಂದರೆ ನಿಮಗೆ ಎದುರಾದರೆ ಲೆಕ್ಕವನ್ನು ಅನುಮಾನಿಸುವ ಮೊದಲು ಒಪ್ಪಂದವನ್ನು ನೋಡಿ. 'ರೀಡ್‌ಎಲ್ಫ್' ಓಡಿಸಿದರೆ ಯಾವ ಫೈಲು ಯಾವ ಪದ್ಧತಿಯದು ಅಂತ ತಿಳಿಯುತ್ತೆ. ಡೇಟಾ ಫೈಲಾದರೆ ಮೊದಲ ಸಾಲಿಗೇ ಗೊತ್ತಿರುವ ಒಂದು 1.0 ಬರೆದಿಡಿ. ಆ ಕಡೆ ಅದು ಒಂದಾಗೇ ಬಂದರೆ ಮುಂದಿನದನ್ನು ನಂಬಬಹುದು.