ಮೀನು ಸಾಕ್ಲಿಕ್ಕೂ ಕಾಲೇಜಾ? (ಭಾಗ 3)

"ಮೀನು ಸಾಕ್ಲಿಕ್ಕೂ ಕಾಲೇಜಾ ಮಾರಾಯ?" ಬಿಎಫ್‌ಎಸ್‌ಸಿ ಸೀಟು ಸಿಕ್ಕಿದಾಗ ನನ್ನ ಮಾವ ಕೇಳಿದ ಮೊದಲ ಪ್ರಶ್ನೆ. ನಿಮ್ಮನ್ನೂ ಯಾರಾದ್ರೂ ಕೇಳಿರ್ತಾರೆ. ಅವತ್ತು ನನ್ನ ಹತ್ರ ಉತ್ತರ ಇರ್ಲಿಲ್ಲ. ಈಗ ಇದೆ, ಸ್ವಲ್ಪ ಉದ್ದ, ಓದಿ.

ಕಾಟ್ಲಾ, ರೋಹು, ಮೃಗಾಲ್ ಕೆರೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ. ಆದ್ರೆ ನಿಂತ ನೀರಲ್ಲಿ ಮೊಟ್ಟೆ ಇಡಲ್ಲ, ಮಳೆಗಾಲದ ತುಂಬಿದ ಹೊಳೆಯೇ ಬೇಕು. ಹಾಗಾಗಿ ಹಿಂದೆ ಕೆರೆಗೆ ಬಿಡೋ ಮರಿಗಳನ್ನ ಹೆಚ್ಚಾಗಿ ನದಿಯಿಂದಲೇ ತರಬೇಕಿತ್ತು. ಪ್ರವಾಹದಲ್ಲಿ ಬಲೆ ಕಟ್ಟಿದ್ರೆ ಬೇಕಾದ ಮರಿ ಜೊತೆ ಅದನ್ನೇ ತಿನ್ನೋ ಮೀನಿನ ಮರಿನೂ ಬರ್ತಿತ್ತು. ಅಷ್ಟು ಸಣ್ಣದರಲ್ಲಿ ಯಾವುದು ಯಾವುದು ಅಂತ ಹೇಳೋದು ಕಷ್ಟ. ಕೆರೆಗೆ ಬಿಟ್ಟಿದ್ದೇನು ಅಂತ ಗೊತ್ತಾಗೋಷ್ಟರಲ್ಲಿ ವರ್ಷದ ದುಡಿಮೆ ಹೋಗಿರ್ತಿತ್ತು.

1957, ಒಡಿಶಾದ ಅಂಗುಲ್. ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ, ಮೀನಿನ ಮೆದುಳಿನ ಅಡಿ ಇರೋ ಪಿಟ್ಯುಟರಿ ಗ್ರಂಥಿಯ ಸಾರವನ್ನ ಬೇರೆ ಮೀನಿಗೆ ಚುಚ್ಚಿದ್ರು. ಹೊಳೆ ಇಲ್ಲದೇನೇ ಮೀನು ಮೊಟ್ಟೆ ಇಟ್ಟಿತು! ಜುಲೈ 10ಕ್ಕೆ ನಾವು ಆಚರಿಸೋ ಮೀನು ಕೃಷಿಕರ ದಿನ ಇದೇ ನೆನಪಿಗೆ.

ಆದ್ರೆ ಕೆಲಸ ಸುಲಭ ಅಲ್ಲ. ಹೆಣ್ಣಿನ ಹೊಟ್ಟೆ ಮುಟ್ಟಿ ಮೊಟ್ಟೆ ಬಲಿತಿದೆಯಾ ನೋಡ್ಬೇಕು. ತೂಕಕ್ಕೆ ತಕ್ಕ ಸಣ್ಣ ಡೋಸ್, ಸುಮಾರು 6 ಗಂಟೆ ಬಿಟ್ಟು ದೊಡ್ಡ ಡೋಸ್, ಗಂಡಿಗೆ ಆಗ ಒಂದೇ. ಒರಟಾಗಿ ಹಿಡಿದ್ರೆ ತಾಯಿಮೀನೇ ಹೋಯ್ತು. (ಈಗ ರೆಡಿಮೇಡ್ ಹಾರ್ಮೋನ್, ಒಂದೇ ಇಂಜೆಕ್ಷನ್. ನಾವು ಪುಣ್ಯವಂತರು.) ಪುಸ್ತಕ ಓದಿ ಬರೋ ವಿದ್ಯೆ ಅಲ್ಲ ಇದು, ಪಳಗಿದ ಕೈ ಬೇಕು. ದೇಶಪೂರ್ತಿ ಅಂಥ ಕೈಗಳು ಎಲ್ಲಿಂದ ಬರ್ಬೇಕು?

1961ರಲ್ಲಿ ಬಾಂಬೆಯಲ್ಲಿ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆ ಶುರುವಾಯ್ತು, ಅಲ್ಲಿ ತರಬೇತಿ ಇಲಾಖೆಯ ಅಧಿಕಾರಿಗಳಿಗೆ. ಪಿಯುಸಿ ಮುಗಿಸಿದವರಿಗೆ ಪದವಿ ಕೊಡೋ ದೇಶದ ಮೊದಲ ಮೀನುಗಾರಿಕಾ ಕಾಲೇಜು ಬಂದಿದ್ದು 1969ರಲ್ಲಿ, ನಮ್ಮ ಮಂಗಳೂರಲ್ಲಿ. ಗಮನಿಸಿ, ಅದು ಇದ್ದಿದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಅಡಿಯಲ್ಲಿ. ಕಡಲೂರಲ್ಲಿ ಕೂತು ಮೀನನ್ನ ಹಿಡಿಯೋದಷ್ಟೇ ಅಲ್ಲ, ಬೆಳೆಯೋದನ್ನೂ ಕಲಿಸೋದು! ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗೋದು ಇದೇ. ಈಗ ಕಾಲೇಜು ಬೀದರಿನ ಪಶು ಮತ್ತು ಮೀನುಗಾರಿಕೆ ವಿವಿಗೆ ಸೇರಿದೆ.

ಒಂದು ಬೇಜಾರು ಹೇಳ್ಲಾ? ನಾವು ಪದವಿ ಮುಗಿಸಿ ಬ್ಯಾಂಕ್ ಪರೀಕ್ಷೆ ಬರೀತೀವಿ. ಮರಿ ಉತ್ಪಾದನಾ ಕೇಂದ್ರದಲ್ಲಿ ದಿನಗೂಲಿಗೆ ದುಡಿಯೋ ಅಣ್ಣನ ಕೈ ನಮಗಿಂತ ಎಷ್ಟೋ ಪಳಗಿದೆ, ಅವರ ಹತ್ರ ಒಂದು ಸರ್ಟಿಫಿಕೇಟೂ ಇಲ್ಲ.

ಅಂದ ಹಾಗೆ ಮಾವ ಈಗ ಗದ್ದೆ ಪಕ್ಕ ಕೊಳ ತೋಡಿಸಿದ್ದಾರೆ. ಮೊನ್ನೆ ಬೆಳಗ್ಗೆ 5:30ಕ್ಕೆ ಫೋನು: "ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಉಂಟಲ್ಲ, ಎಂಥ ಮಾಡುದು?" ನೀರಲ್ಲಿ ಆಮ್ಲಜನಕ ಕಮ್ಮಿ ಆಗಿದೆ ಮಾವ, ಇವತ್ತು ತಿಂಡಿ ಹಾಕ್ಬೇಡಿ, ಪಂಪ್ ಹಚ್ಚಿ ಹೊಸ ನೀರು ಬಿಡಿ ಅಂದೆ. ಕಾಲೇಜಿನ ಸುದ್ದಿ ಎತ್ತಲಿಲ್ಲ ಅವರು.

#ಮೀನಿನಕಥೆ #ಮಂಗಳೂರು